ಕಾರ್ಯಕ್ರಮಗಳ ಸಾರಿಗೆ: ಲೆಕ್ಕ ಮುಕ್ತಾಯದಿಂದ ಶುರುವಾಗಲಿ

ಜನ ಬರುವಾಗ ಒಂದೂವರೆ ಎರಡು ಗಂಟೆಗಳಲ್ಲಿ ಚದುರಿ ಬರುತ್ತಾರೆ. ಹೋಗುವಾಗ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಅದೇ ಜನ, ಅದೇ ರಸ್ತೆ, ಅದೇ ಬಸ್ಸು. ಆದರೂ ಬೆಳಗ್ಗೆ ಸಾಕಾಗಿದ್ದದ್ದು ಸಂಜೆಗೆ ಸಾಲುವುದಿಲ್ಲ. ಹಾಗಾಗಿ ಯಾವ ಕಾರ್ಯಕ್ರಮದ ಸಾರಿಗೆ ಕೆಲಸ ಕೈಗೆ ಬಂದರೂ ನಾನು ಮೊದಲು ಬರೆದುಕೊಳ್ಳುವುದು ಎರಡು ಸಂಖ್ಯೆ: ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಎಷ್ಟು ನಿಮಿಷದೊಳಗೆ ಕೊನೆಯವರು ವಾಹನ ಹತ್ತಿರಬೇಕು. ಸಮ್ಮೇಳನವಾದರೆ 30 ನಿಮಿಷ ಇಟ್ಟುಕೊಳ್ಳುತ್ತೇನೆ. ಸಾವಿರಗಟ್ಟಲೆ ಜನ ಸೇರುವ ಬಯಲು ಕಾರ್ಯಕ್ರಮವಾದರೆ 75ರಿಂದ 90 ನಿಮಿಷ. ಈ ಎರಡು ಸಂಖ್ಯೆ ಸಿಕ್ಕರೆ ಬೆಳಗಿನ ವೇಳಾಪಟ್ಟಿ ಸುಲಭವಾಗಿ ಹೊಂದಿಕೊಳ್ಳುತ್ತದೆ. ಬೆಳಗಿನಿಂದ ಶುರುಮಾಡಿದವರಿಗೆ ಸಂಜೆಯ ಲೆಕ್ಕ ಎಂದೂ ಕೂಡಿಬರುವುದಿಲ್ಲ.

ಎರಡನೆಯದು ಮಾಹಿತಿ. ನೋಂದಣಿ ಅರ್ಜಿಯಲ್ಲಿ ‘ಸಾರಿಗೆ ಬೇಕೇ?’ ಎಂದು ಕೇಳಿದರೆ ಹೆಚ್ಚಿನವರು ‘ಬೇಕು’ ಎಂದೇ ಬರೆಯುತ್ತಾರೆ, ಖರ್ಚಿಲ್ಲವಲ್ಲ. ಅದರಿಂದ ಬಸ್ಸಿನ ಲೆಕ್ಕ ಹಾಕಲಾಗದು. ನಾನು ಕೇಳುವುದು ಹೀಗೆ: ಎಲ್ಲಿ ಉಳಿದುಕೊಂಡಿದ್ದೀರಿ, ಎಷ್ಟು ಗಂಟೆಯ ಬಸ್ಸಿಗೆ ಬರುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ, ದೊಡ್ಡ ಪೆಟ್ಟಿಗೆ ಎಷ್ಟು, ಗಾಲಿಕುರ್ಚಿ ಅಥವಾ ಮೆಟ್ಟಿಲೇರಲು ನೆರವು ಬೇಕೇ. ಹೊತ್ತನ್ನು ಆರಿಸಬೇಕಾಗಿ ಬಂದಾಗ ಜನ ನಿಜವಾಗಿ ಯೋಚಿಸುತ್ತಾರೆ. ಉಳಿದುಕೊಂಡ ಜಾಗ ಗೊತ್ತಾದರೆ ಅರ್ಧ ಯೋಜನೆ ಮುಗಿದ ಹಾಗೆ.

ಇನ್ನು ಬಸ್ಸಿನ ಲೆಕ್ಕ. ‘450 ಜನ, 48 ಸೀಟು, ಹತ್ತು ಬಸ್ಸು’ ಎಂದು ಭಾಗಿಸಿ ಬಾಡಿಗೆಗೆ ಹೇಳಿಬಿಡುವವರೇ ಜಾಸ್ತಿ. ಮೊದಲ ತಪ್ಪು ಸೀಟಿನದು. 48 ಸೀಟಿನ ಬಸ್ಸಿನಲ್ಲಿ ನಾನು ಹಿಡಿಯುವುದು 40. ಗುಂಪಾಗಿ ಬಂದವರು ಬೇರೆಯಾಗಿ ಹತ್ತುವುದಿಲ್ಲ, ಪಕ್ಕದ ಸೀಟಿನಲ್ಲಿ ಚೀಲ ಕೂತಿರುತ್ತದೆ, ಕೊನೆಯ ಆರು ಸೀಟು ತುಂಬಲೆಂದು ಬಸ್ಸು ಕಾದರೆ ಹಿಂದಿನದೂ ಕಾಯಬೇಕಾಗುತ್ತದೆ. ಎರಡನೆಯ ತಪ್ಪು ಸುತ್ತಿನದು. ಬಸ್ಸು ಹೊರಟು, ಜನರನ್ನಿಳಿಸಿ, ಖಾಲಿ ಮರಳಿ, ಮತ್ತೆ ತುಂಬಿಕೊಂಡು ಹೊರಡಲು ಹಿಡಿಯುವ ಒಟ್ಟು ಹೊತ್ತೇ ಸುತ್ತು. ಎಷ್ಟು ಬಸ್ಸು ಬೇಕೆಂಬುದು ಸುತ್ತಿನ ಹೊತ್ತನ್ನು ಎರಡು ಬಸ್ಸುಗಳು ಹೊರಡುವ ಹೊತ್ತಿನ ಅಂತರದಿಂದ ಭಾಗಿಸಿದಾಗ ಬರುವ ಸಂಖ್ಯೆ.

ಒಂದು ಲೆಕ್ಕ ಪೂರ್ತಿ ಬಿಡಿಸುತ್ತೇನೆ. 600 ಪ್ರತಿನಿಧಿಗಳ ಸಮ್ಮೇಳನ, ಬಸ್ಸಿಗೆ ಬರುವವರು 450. ವಸತಿಯಿಂದ ಸಭಾಂಗಣಕ್ಕೆ ಬೆಳಗಿನ ದಟ್ಟಣೆಯಲ್ಲಿ 25 ನಿಮಿಷ. ಹೋಗಲು 25, ಇಳಿಸಲು 4, ಮರಳಲು 25, ಹತ್ತಿಸಲು 6, ಕೈಕಾಲಾಡಿಸಲು 5: ಸುತ್ತು 65 ನಿಮಿಷ. ಕಾರ್ಯಕ್ರಮ 9:30ಕ್ಕೆ, ಕೊನೆಯ ಬಸ್ಸು 9:15ರೊಳಗೆ ತಲುಪಬೇಕು. 450ಕ್ಕೆ 40ರಂತೆ 12 ಟ್ರಿಪ್. ಮೊದಲ ಬಸ್ಸು 7:30ಕ್ಕೆ, ಆಮೇಲೆ 7 ನಿಮಿಷಕ್ಕೊಂದು, ಕೊನೆಯದು 8:47ಕ್ಕೆ. 65ನ್ನು 7ರಿಂದ ಭಾಗಿಸಿದರೆ 9.3, ಅಂದರೆ 10 ಬಸ್ಸು. 7:30ಕ್ಕೆ ಹೋದದ್ದು 8:35ಕ್ಕೆ ಮತ್ತೆ ಸಿದ್ಧವಾಗಿ 8:40ರ ಟ್ರಿಪ್ ಮಾಡುತ್ತದೆ, ಎರಡನೆಯದು 8:47ರದ್ದು. ಬೆಳಗ್ಗೆ ಹತ್ತರಲ್ಲೇ ಎಲ್ಲ ಮುಗಿಯಿತು.

ಅದೇ ಹತ್ತು ಬಸ್ಸು ಸಂಜೆ 5:30ಕ್ಕೆ ನಿಂತಿವೆ ಎಂದುಕೊಳ್ಳಿ. ಸಂಜೆಯ ರಸ್ತೆಯಲ್ಲಿ ಹೋಗಲು 35, ಖಾಲಿ ಮರಳಲು 30, ಹತ್ತಿಸಲು 6, ಇಳಿಸಲು 4, ಮೇಲೆ 5: ಸುತ್ತು 80 ನಿಮಿಷ. ಮೊದಲ ಸಲಕ್ಕೆ 400 ಜನ ಹೋದರು. ಉಳಿದ 50 ಜನ ಒಂದು ಗಂಟೆ ಇಪ್ಪತ್ತು ನಿಮಿಷ ಕಾಯುತ್ತಾರೆ, ಮತ್ತು ಮರುದಿನ ಸಂಘಟಕರ ಕಿವಿಗೆ ಬೀಳುವುದು ಅವರ ಮಾತೇ. ಆದ್ದರಿಂದ ಬಸ್ಸು 12, ಜೊತೆಗೆ ಚಾಲಕ ಸೀಟಿನಲ್ಲೇ ಇರುವ ಒಂದು ಬದಲಿ ಬಸ್ಸು, ಒಟ್ಟು 13. ಬೆಳಗ್ಗೆ ಎರಡು ಬಸ್ಸಿಗೆ ಕೆಲಸ ಕಡಿಮೆ. ಆಗಲಿ. ಆ ಎರಡಕ್ಕೆ ಮಧ್ಯಾಹ್ನದ ನಂತರದಿಂದಷ್ಟೇ ಬಾಡಿಗೆ ಮಾತಾಡಲು ಸಾಧ್ಯವೇ ಎಂದು ಕೇಳಿ ನೋಡುತ್ತೇನೆ.

ಬಸ್ಸುಗಳ ಸಂಖ್ಯೆ ಸರಿಯಾದ ಮೇಲೂ ಕೆಲಸ ಕೆಡುವ ಜಾಗ ಒಂದಿದೆ: ಹತ್ತುವ ಅಂಚು, ಅಂದರೆ ಬಸ್ಸು ತಾಗಿ ನಿಲ್ಲುವ ರಸ್ತೆಬದಿ. ಬಸ್ಸು ಬಂದು ನಿಂತು ಜನರನ್ನು ಹತ್ತಿಸಿಕೊಳ್ಳುವ ಅಂಕಣ ಎಷ್ಟಿವೆ ಎಂಬುದರ ಮೇಲೆ ಹೊರಡುವ ವೇಗ ನಿಂತಿದೆ. ಒಂದು ಬಸ್ಸು ತುಂಬಲು 6 ನಿಮಿಷ, ಅದು ಹೊರಬಿದ್ದು ಮುಂದಿನದು ಬಂದು ನಿಲ್ಲಲು 2, ಒಟ್ಟು 8. ಮೂರೇ ಅಂಕಣವಿದ್ದರೆ 12 ಬಸ್ಸಿಗೆ ನಾಲ್ಕು ಸರದಿ, 32 ನಿಮಿಷ. ನಾಲ್ಕಿದ್ದರೆ 24, ಆರಿದ್ದರೆ 16. ಮೂರು ಅಂಕಣದ ಜಾಗಕ್ಕೆ ಇಪ್ಪತ್ತು ಬಸ್ಸು ತರಿಸಿದರೂ ಹೊರಡುವ ವೇಗ ಅಷ್ಟೇ. ಬಸ್ಸುಗಳು ರಸ್ತೆಯಲ್ಲಿ ಸಾಲುಗಟ್ಟಿ ಹೊರಹೋಗುವ ದಾರಿಯನ್ನೂ ಮುಚ್ಚುತ್ತವೆ. ಸಂಘಟಕರು ‘ಇನ್ನೆರಡು ಬಸ್ಸು ತರಿಸೋಣ’ ಎಂದಾಗ ನಾನು ಟೇಪು ಹಿಡಿದು ಅಂಚನ್ನು ಅಳೆಯಲು ಹೋಗುತ್ತೇನೆ.

ಅಳತೆ ಹೀಗೆ. 12 ಮೀಟರ್ ಬಸ್ಸು ಉಳಿದವುಗಳ ಹಂಗಿಲ್ಲದೆ ಬಂದು ಹೋಗಬೇಕಾದರೆ ನೇರ ಅಂಚಿನಲ್ಲಿ ಒಂದೊಂದಕ್ಕೆ 20ರಿಂದ 24 ಮೀಟರ್ ಬೇಕು. ಒಂದರ ಹಿಂದೊಂದು ಒತ್ತಿ ನಿಲ್ಲಿಸಿದರೆ 14 ಮೀಟರ್ ಸಾಕು, ಆದರೆ ಮುಂದಿನದು ಹೊರಡದೆ ಹಿಂದಿನದು ಕದಲಲಾಗದು. 60 ಮೀಟರ್ ಅಂಚಿನಲ್ಲಿ ಮೊದಲ ರೀತಿಗೆ ಹೆಚ್ಚೆಂದರೆ ಮೂರು, ಎರಡನೆಯದಕ್ಕೆ ನಾಲ್ಕು. ಬೆಳಗ್ಗೆ ಇಳಿಸುವಾಗ ಮೊದಲ ರೀತಿ ಒಳ್ಳೆಯದು, ಬಸ್ಸುಗಳು ಬಂದ ಹಾಗೆ ಬಿಡುತ್ತವೆ. ಸಂಜೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ: ನಾಲ್ಕೂ ಒಟ್ಟಿಗೆ ತುಂಬಿ, ನಾಲ್ಕೂ ಒಟ್ಟಿಗೆ ಹೊರಟು, ಮರೆಯಲ್ಲಿ ಕಾಯುತ್ತಿದ್ದ ಮುಂದಿನ ನಾಲ್ಕು ಒಟ್ಟಿಗೆ ಬರುತ್ತವೆ. ಇದಕ್ಕೆ ಒಂದು ಶರತ್ತಿದೆ. ನಿಧಾನವಾಗಿ ತುಂಬುವ ಬಸ್ಸು, ಅಂದರೆ ಪೆಟ್ಟಿಗೆಗಳದ್ದು ಅಥವಾ ಗಾಲಿಕುರ್ಚಿಯದ್ದು, ಆ ಸಾಲಿನ ಮುಂದೆ ಇರಕೂಡದು. ಅದಕ್ಕೆ ಬೇರೆಯದೇ ಜಾಗ ಕೊಡಬೇಕು.

ಕಾಯುವ ಬಸ್ಸುಗಳು ಜನರ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು. ಕಂಡರೆ ಅವುಗಳತ್ತಲೇ ನಡೆದುಹೋಗಿ ಬಾಗಿಲು ತಟ್ಟುತ್ತಾರೆ. ಅಂಕಣದಿಂದ 3–5 ನಿಮಿಷದ ದೂರ, ಸಾರ್ವಜನಿಕ ರಸ್ತೆಯ ಹೊರಗೆ, ವಾಕಿಟಾಕಿಗೆ ಸಿಗುವ ಕಡೆ.

ತಿರುವಿನ ವಿಷಯದಲ್ಲಿ ಕಣ್ಣಂದಾಜು ನಂಬಬೇಡಿ. ಯುರೋಪಿನ ನಿಯಮದಂತೆ ಬಸ್ಸು ಹೊರಗಿನ 12.5 ಮೀಟರ್, ಒಳಗಿನ 5.3 ಮೀಟರ್ ತ್ರಿಜ್ಯದ ಎರಡು ವೃತ್ತಗಳ ನಡುವೆ ತಿರುಗಬಲ್ಲದಾಗಿರಬೇಕು. ಅಂದರೆ ಪೂರ್ತಿ ತಿರುಗಲು 25 ಮೀಟರ್ ಅಗಲದ ಬಯಲು, ಮೇಲೆ ಸ್ವಲ್ಪ ಹೆಚ್ಚುವರಿ. ಅಷ್ಟಿಲ್ಲದ ಕಡೆ ಚಾಲಕರು ರಿವರ್ಸ್ ತೆಗೆಯುತ್ತಾರೆ. ಜನರಿರುವ ಜಾಗದಲ್ಲಿ ರಿವರ್ಸ್ ಎಂಬುದೇ ಇಲ್ಲ ಎಂದು ನಾನು ಮೊದಲೇ ಬರೆದುಕೊಡುತ್ತೇನೆ, ಹೀಗಾಗಿ ಅಂಥ ಜಾಗಕ್ಕೆ ದೊಡ್ಡ ಬಸ್ಸು ಹೋಗುವುದಿಲ್ಲ. ಬಾಗಿಲಿನ ಬದಿಯನ್ನೂ ನೋಡಬೇಕು. ಎಡಬದಿ ಓಡುವ ದೇಶಗಳಲ್ಲಿ ಬಾಗಿಲು ಎಡಕ್ಕೆ. ಜನ ವೃತ್ತದ ಹೊರ ಅಂಚಿನಲ್ಲಿ ನಿಲ್ಲುವುದಾದರೆ ಬಸ್ಸು ಪ್ರದಕ್ಷಿಣೆಯಾಗಿ ಸುತ್ತಬೇಕು, ಒಳಗಿನ ದಿಬ್ಬದ ಮೇಲೆ ನಿಲ್ಲುವುದಾದರೆ ಅಪ್ರದಕ್ಷಿಣೆ. ನಕ್ಷೆಯಲ್ಲಿ ಬಾಣ ತಿರುಗಾಮುರುಗಾ ಬಿದ್ದರೆ ಎಲ್ಲರೂ ಓಡುವ ಬಸ್ಸುಗಳ ನಡುವೆ ರಸ್ತೆ ದಾಟಿ ಹತ್ತಬೇಕಾಗುತ್ತದೆ.

ಸಾಲು ನಿಲ್ಲಿಸುವುದಕ್ಕೆ ನನಗೆ ಅತಿ ಹೆಚ್ಚು ನೆರವಾದದ್ದು ಬ್ಯಾರಿಕೇಡಿನ ಗೂಡುಗಳು. ಒಂದು ಗೂಡಿಗೆ 40 ಜನ, 20ರಿಂದ 25 ಚದರ ಮೀಟರ್. ಒಂದು ಗೂಡು ಒಂದು ಬಸ್ಸು. ಗೂಡು ತುಂಬಿದಾಗ ಬಾಯಿ ಮುಚ್ಚಿ ಮುಂದಿನದನ್ನು ತೆರೆಯುವುದು. ತಮ್ಮ ಮುಂದೆ ಎರಡು ಗೂಡಿವೆ, ಅಂದರೆ ತಮ್ಮದು ಮೂರನೆಯ ಬಸ್ಸು ಎಂದು ಜನಕ್ಕೆ ಕಣ್ಣಿಗೇ ಕಾಣುತ್ತದೆ, ತಳ್ಳಾಟ ನಿಲ್ಲುತ್ತದೆ. ಬಸ್ಸು ಬರುವ ಮೊದಲೇ ತಲೆ ಎಣಿಸಿ ಆಗಿರುತ್ತದೆ, ಹತ್ತಿಸುವ ಹೊತ್ತು 6ರಿಂದ 4 ನಿಮಿಷಕ್ಕಿಳಿಯುತ್ತದೆ. ಮೂರು ಗೂಡು ತುಂಬಿ ನಾಲ್ಕನೆಯದು ತೆರೆದ ಕೂಡಲೇ ಬದಲಿ ಬಸ್ಸನ್ನು ಕರೆಯಬೇಕೆಂಬುದು ನಿಯಮ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಒಪ್ಪಿಗೆ ಕೇಳುತ್ತಾ ಕೂತರೆ ಆ ಹೊತ್ತಿಗೆ ಆರನೆಯ ಗೂಡು ತುಂಬಿರುತ್ತದೆ.

ಬಸ್ಸು ಬಿಡುವ ಅಧಿಕಾರ ಒಬ್ಬರದೇ. ಎರಡು ಕೊನೆಯಲ್ಲೂ ಒಬ್ಬೊಬ್ಬ ನಿಯಂತ್ರಕರು, ಅವರ ಕೈಯಲ್ಲಿ ವಾಕಿಟಾಕಿ ಮತ್ತು ಟ್ರಿಪ್ ಶೀಟು. ಶೀಟಿನಲ್ಲಿ ನಾಲ್ಕೇ ಕಾಲಂ: ಬಸ್ಸಿನ ಸಂಖ್ಯೆ, ಹೊರಟ ಹೊತ್ತು, ತಲೆಯೆಣಿಕೆ, ತಲುಪಿದ ಹೊತ್ತು. ನೋಂದಣಿ ಸಂಖ್ಯೆಯನ್ನು ವಾಕಿಟಾಕಿಯಲ್ಲಿ ಓದಲು ಹೋಗಬೇಡಿ. ಮುಂದಿನ ಗಾಜಿಗೆ 1, 2, 3 ಎಂದು ಎ3 ಕಾಗದದಲ್ಲಿ ದೊಡ್ಡದಾಗಿ ಅಂಟಿಸಿ, ಬಾಗಿಲ ಪಕ್ಕದಲ್ಲೂ ಒಂದು. ಬೆಳಗ್ಗೆ ಬಸ್ಸು ವೇಳೆಗೆ ಹೊರಡುತ್ತದೆ, ಹತ್ತೇ ಜನರಿದ್ದರೂ. ಇಲ್ಲವಾದರೆ 8:05ರ ಬಸ್ಸನ್ನು ನಂಬಿ ಬಂದವರಿಗೆ ಮೋಸ. ಸಂಜೆ ವೇಳಾಪಟ್ಟಿ ಬೇಡ, ತುಂಬಿದ ಕೂಡಲೇ ಹೊರಡಬೇಕು. ಬೆಳಗಿನ ನಿಯಮವನ್ನು ಸಂಜೆಗೂ ಇಟ್ಟುಕೊಂಡರೆ ತುಂಬಿದ ಬಸ್ಸು ಗಡಿಯಾರ ನೋಡುತ್ತಾ ಅಂಕಣದಲ್ಲಿ ಕೂತಿರುತ್ತದೆ.

ನಾಲ್ಕು ವಸತಿಗಳಿದ್ದರೆ ಒಂದೇ ಬಸ್ಸು ನಾಲ್ಕನ್ನೂ ಸುತ್ತುವುದು ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಒಂದೊಂದು ನಿಲುಗಡೆಯೂ ದೊಡ್ಡ ರಸ್ತೆಯಿಂದ ಒಳಹೊಕ್ಕು ಹೊರಬರುವುದೂ ಸೇರಿ 5ರಿಂದ 8 ನಿಮಿಷ ತಿನ್ನುತ್ತದೆ. ಮೊದಲು ಹತ್ತಿದವರು ಅರ್ಧ ಗಂಟೆ ಊರು ಸುತ್ತುತ್ತಾರೆ, ಕೊನೆಯವರಿಗೆ ಸೀಟಿರುವುದಿಲ್ಲ. ಎರಡಕ್ಕಿಂತ ಹೆಚ್ಚು ನಿಲುಗಡೆಯನ್ನು ನಾನು ಜೋಡಿಸುವುದಿಲ್ಲ. ಹದಿನೈದು ಇಪ್ಪತ್ತು ಜನರಿರುವ ವಸತಿಗೆ ಮಿನಿಬಸ್ಸು ಬೇರೆಯೇ ಹೋಗಲಿ.

ಚಾಲಕರ ಬಗ್ಗೆ ಒಂದು ಮಾತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಸ್ಸುಗಳಿದ್ದವು. ಹೊರಗಿನಿಂದ ಬಂದ ಎಷ್ಟೋ ಚಾಲಕರಿಗೆ ದಾರಿ ಗೊತ್ತಿರಲಿಲ್ಲ, ಕ್ರೀಡಾಪಟುಗಳೂ ಪತ್ರಕರ್ತರೂ ತಡವಾಗಿ ತಲುಪಿದರು. ಅದನ್ನು ನೋಡಿದ ಸಿಡ್ನಿ 2000ದ ಕೂಟಕ್ಕೆಂದೇ ರಸ್ತೆ ಮತ್ತು ಸಾರಿಗೆಗೆ ಪ್ರತ್ಯೇಕ ಪ್ರಾಧಿಕಾರ ಕಟ್ಟಿಕೊಂಡಿತು. ನಮ್ಮ ಅಳತೆಯಲ್ಲಿ ಇದಕ್ಕೆ ಮದ್ದು ಒಂದು ಹಾಳೆ: ಒಂದು ಬದಿಯಲ್ಲಿ ತಿರುವುಗಳ ಪಟ್ಟಿ, ಪ್ರತಿ ತಿರುವಿಗೆ ಗುರುತಾಗುವ ಕಟ್ಟಡದ ಫೋಟೊ, ಇನ್ನೊಂದು ಬದಿಯಲ್ಲಿ ಅಂಕಣದ ನಕ್ಷೆ, ಕಾಯುವ ಜಾಗ, ಶೌಚಾಲಯ ಎಲ್ಲಿದೆ, ನಿಯಂತ್ರಕರ ದೂರವಾಣಿ. ಫೋನಿನ ನಕ್ಷೆಯನ್ನು ಮಾತ್ರ ನಂಬಿದರೆ ಅದು ಕಾರಿನ ದಾರಿ ತೋರಿಸುತ್ತದೆ, ತಗ್ಗು ಸೇತುವೆಯ ಲೆಕ್ಕ ಅದಕ್ಕಿರುವುದಿಲ್ಲ.

ಅದಕ್ಕೇ ದಾರಿಯನ್ನು ಮೊದಲೇ ಓಡಿಸಿ ನೋಡಬೇಕು: ಅದೇ ಅಳತೆಯ ಬಸ್ಸಿನಲ್ಲಿ, ವಾರದ ಅದೇ ದಿನ, ಅದೇ ಹೊತ್ತಿನಲ್ಲಿ. ಭಾನುವಾರ ಬೆಳಗ್ಗೆ ಕಾರಿನಲ್ಲಿ ಓಡಿಸಿ ಬಂದ 25 ನಿಮಿಷ ಲೆಕ್ಕಕ್ಕೆ ಬಾರದು. ನೋಡಬೇಕಾದ್ದು: ಕಮಾನು, ಕೊಂಬೆ, ಜೋತುಬಿದ್ದ ತಂತಿ (ದೂರಪ್ರಯಾಣದ ಬಸ್ಸಿನ ಎತ್ತರ 3.5–3.8 ಮೀಟರ್, ಡಬಲ್ ಡೆಕ್ಕರ್ 4 ಮೀಟರಿಗೂ ಮೇಲೆ), ಕಿರುಸೇತುವೆಗಳ ತೂಕದ ಮಿತಿ (ತುಂಬಿದ 12 ಮೀಟರ್ ಬಸ್ಸು 16–18 ಟನ್ ತೂಗಬಹುದು), ಗೇಟಿನ ಅಗಲ, ಮತ್ತು ಗೇಟಿನ ಬೀಗದ ಕೈ ಅಂದು ಯಾರ ಬಳಿ ಇರುತ್ತದೆ ಎಂಬುದು. ಕೊನೆಯದನ್ನು ಹಾಸ್ಯಕ್ಕೆ ಹೇಳಿದ್ದಲ್ಲ.

ಚಾಲಕರ ದುಡಿಮೆಯ ಹೊತ್ತಿಗೆ ಎಲ್ಲೆಡೆ ಯಾವುದೋ ಮಿತಿ ಇರುತ್ತದೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ನಿಯಮ ಸಡಿಲವಾಗಿರುವ ಕಡೆಯೂ ಬೆಳಗ್ಗೆ ಆರಕ್ಕೆ ಡಿಪೊ ಬಿಟ್ಟ ಚಾಲಕ ರಾತ್ರಿ ಹನ್ನೊಂದರ ಕೊನೆಯ ಟ್ರಿಪ್ ಓಡಿಸುವಂತೆ ಪಟ್ಟಿ ಮಾಡಕೂಡದು. ಬಾಡಿಗೆ ಪತ್ರದಲ್ಲಿ ಹೊತ್ತು ಡಿಪೊದಿಂದ ಡಿಪೊಗೆ ಲೆಕ್ಕವೋ ಮೊದಲ ನಿಲ್ದಾಣದಿಂದಲೋ, ಖಾಲಿ ಓಟದ ಕಿಲೋಮೀಟರ್ ಯಾರ ಲೆಕ್ಕಕ್ಕೆ, ಹೆಚ್ಚುವರಿ ಗಂಟೆ ಯಾವಾಗ ಶುರು, ಬಸ್ಸು ಕೆಟ್ಟರೆ ಬದಲಿ ಎಷ್ಟು ಹೊತ್ತಿನಲ್ಲಿ ಎಂದು ಸ್ಪಷ್ಟವಾಗಿ ಬರೆದಿರಲಿ. ಜಗಳವಾಗುವುದು ಈ ನಾಲ್ಕರ ಮೇಲೆಯೇ.

ಸಣ್ಣ ಕಾರ್ಯಕ್ರಮಗಳಿಗೆ, ನೂರು ನೂರೈವತ್ತು ಜನರವರೆಗೆ, ಈ ಲೆಕ್ಕದ ಭಾರ ಬೇಡ. ಅಲ್ಲಿ ಕಾಡುವುದು ವಿಮಾನ, ರೈಲುಗಳಲ್ಲಿ ಬೇರೆ ಬೇರೆ ಹೊತ್ತಿಗೆ ಬಂದಿಳಿಯುವವರು. ಎಲ್ಲರ ಆಗಮನವನ್ನು ಒಂದು ಹಾಳೆಯಲ್ಲಿ ಹೊತ್ತಿನ ಕ್ರಮಕ್ಕೆ ಜೋಡಿಸಿ, 45 ನಿಮಿಷದ ಕಂತುಗಳಾಗಿ ಗೆರೆ ಎಳೆಯುತ್ತೇನೆ. ಒಂದು ಕಂತಿನವರು ಒಂದು ವಾಹನಕ್ಕೆ. ಮೊದಲು ಬಂದವರು ಮುಕ್ಕಾಲು ಗಂಟೆಗಿಂತ ಹೆಚ್ಚು ಕಾಯುವಂತಾದರೆ ವಾಹನ ಅರ್ಧ ಖಾಲಿಯಿದ್ದರೂ ಹೊರಡಲಿ. ವಿಮಾನ ನೆಲ ಮುಟ್ಟಿದ ಹೊತ್ತಿಗೆ ಒಳನಾಡಿನದಾದರೆ 30–40 ನಿಮಿಷ, ಹೊರದೇಶದ್ದಾದರೆ 60–90 ನಿಮಿಷ ಸೇರಿಸಿ ವಾಹನದ ಹೊತ್ತು ಬರೆಯುವುದು. ಚಾಲಕರಿಗೆ ವಿಮಾನದ ಸಂಖ್ಯೆ ಕೊಟ್ಟಿರಬೇಕು, ಬರೀ ಹೊತ್ತು ಕೊಟ್ಟರೆ ತಡವಾದದ್ದು ಅವರಿಗೆ ತಿಳಿಯುವುದಿಲ್ಲ.

ಸಾಮಾನಿನ ಲೆಕ್ಕ ತಪ್ಪುವುದು ಸಣ್ಣ ವಾಹನಗಳಲ್ಲೇ. ನಾಲ್ವರ ಕಾರು ದೊಡ್ಡ ಪೆಟ್ಟಿಗೆ ಸಮೇತ ಬಂದವರಲ್ಲಿ ಇಬ್ಬರಿಗೆ, ತಪ್ಪಿದರೆ ಮೂವರಿಗೆ. ಹಿಂದೆ ಡಿಕ್ಕಿ ಇಲ್ಲದ ಮಿನಿಬಸ್ಸಿನಲ್ಲಿ ಕೊನೆಯ ಸಾಲಿನ ಸೀಟು ಪೆಟ್ಟಿಗೆಗಳಿಗೇ ಹೋಗುತ್ತದೆ. ದೊಡ್ಡ ಬಸ್ಸಿನಲ್ಲಿ ಸೀಟಿಗೆ ಕೊರತೆಯಾಗದು, ಆದರೆ 40 ಜನರ ಪೆಟ್ಟಿಗೆ ತುಂಬಲು 6 ನಿಮಿಷದ ಜಾಗದಲ್ಲಿ 12–15 ಹಿಡಿಯುತ್ತದೆ. ಸಮ್ಮೇಳನದ ಕೊನೆಯ ದಿನ ಜನ ವಸತಿ ಖಾಲಿ ಮಾಡಿ ಪೆಟ್ಟಿಗೆ ಎಳೆದುಕೊಂಡೇ ಬರುತ್ತಾರೆ. ಆ ದಿನದ ಸುತ್ತನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.

ರಾತ್ರಿಯ ಕೊನೆಯ ಬಸ್ಸು ಚಿಕ್ಕ ಕಾರ್ಯಕ್ರಮದಲ್ಲೂ ತುಂಬಿ ಚೆಲ್ಲುತ್ತದೆ. ‘ಇನ್ನೊಂದಿದೆಯಲ್ಲ’ ಎಂದು ಎಲ್ಲರೂ ಅದನ್ನೇ ಕಾದಿರುತ್ತಾರೆ. ಪ್ರಕಟಣೆಯಲ್ಲಿ ಕೊನೆಯ ಬಸ್ಸು 11:00 ಎಂದಿದ್ದರೆ ಆ ಹೊತ್ತಿಗೆ ಎರಡು ನಿಂತಿರಲಿ, ಮತ್ತು ಹೇಳದೇ ಇಟ್ಟುಕೊಂಡ ಒಂದು ಕಾರು 11:30ಕ್ಕೆ.

ದೊಡ್ಡ ಬಯಲು ಕಾರ್ಯಕ್ರಮಕ್ಕೆ ಬಂದರೆ ಬಸ್ಸು ಯೋಜನೆಯ ಒಂದು ಭಾಗ ಮಾತ್ರ. 15,000 ಜನ ಎಂದಿಟ್ಟುಕೊಳ್ಳೋಣ. ಅರ್ಧ ರೈಲಿಗೆ, 40 ಶೇಕಡಾ ಕಾರಿಗೆ, ಉಳಿದವರು ನಡೆದು, ಟ್ಯಾಕ್ಸಿಯಲ್ಲಿ.

ಕಾರು ಮೊದಲು. 6,000 ಜನ, ಕಾರಿಗೆ ಎರಡೂವರೆ ಜನರಂತೆ 2,400 ಕಾರು. ನಿಲ್ಲುವ ಜಾಗ 2.5 × 5 ಮೀಟರ್ ಆದರೂ ನಡುವಿನ 6 ಮೀಟರ್ ದಾರಿ, ತಿರುವು ಎಲ್ಲ ಸೇರಿ ಕಾರಿಗೆ 25–30 ಚದರ ಮೀಟರ್ ಬೇಕು. ಒಟ್ಟು ಆರೂವರೆ ಹೆಕ್ಟೇರ್, ಸುಮಾರು 16 ಎಕರೆ. ಜಾಗ ಸಿಕ್ಕಿತು ಎಂದ ಕೂಡಲೇ ಎಲ್ಲರೂ ನಿರಾಳ. ನಿಜವಾದ ಪ್ರಶ್ನೆ ಬಾಗಿಲಿನದು. ಗೇಟಿನಲ್ಲಿ ಹಣ ಪಡೆದು ಚಿಲ್ಲರೆ ಕೊಟ್ಟು ಒಳಬಿಡಲು ಕಾರಿಗೆ 20 ಸೆಕೆಂಡು, ಗಂಟೆಗೆ ಒಂದು ಸಾಲಿನಲ್ಲಿ 180. ಮೊದಲೇ ಪಾವತಿಯಾಗಿದ್ದು, ಗಾಜಿಗಂಟಿಸಿದ ಚೀಟಿ ನೋಡಿ ಕೈಬೀಸಿ ಬಿಡುವುದಾದರೆ 6 ಸೆಕೆಂಡು, ಗಂಟೆಗೆ 600. ಕಾರ್ಯಕ್ರಮಕ್ಕೆ ಮುಂಚಿನ ಒಂದು ಗಂಟೆಯಲ್ಲಿ 45 ಶೇಕಡಾ ಕಾರು ಬರುತ್ತವೆಂದರೆ 1,080. ಹಣ ಪಡೆಯುವುದಾದರೆ ಆರು ಸಾಲು ಬೇಕು, ಇಲ್ಲವಾದರೆ ಎರಡು ಸಾಕು. ಮೂರೇ ಸಾಲಿಟ್ಟು ಹಣ ಪಡೆದರೆ ಗಂಟೆಯ ಕೊನೆಗೆ 540 ಕಾರು ಹೊರಗೆ. ಒಂದಕ್ಕೆ 7 ಮೀಟರಿನಂತೆ 3.8 ಕಿಲೋಮೀಟರ್ ಸಾಲು, ಊರಿನ ಹೆದ್ದಾರಿಯ ಮೇಲೆ. ಗೇಟಿನಲ್ಲಿ ಹಣ ಪಡೆಯುವುದನ್ನು ನಾನು ಒಪ್ಪುವುದಿಲ್ಲ. ಪಡೆಯಲೇಬೇಕೆಂದು ಹಟ ಹಿಡಿದರೆ ಗೇಟನ್ನು ರಸ್ತೆಯಿಂದ ಕನಿಷ್ಠ 200 ಮೀಟರ್ ಒಳಗಿಡಲು ಹೇಳುತ್ತೇನೆ, ಅಥವಾ ಕಾರು ನಿಂತ ಮೇಲೆ ಸಾಲುಗಳ ನಡುವೆ ನಡೆದು ಹಣ ಪಡೆಯಲು.

ಹೊರಹೋಗುವಾಗ ದೊಡ್ಡ ರಸ್ತೆಗೆ ಸೇರುವ ಒಂದು ಬಾಯಿ ಗಂಟೆಗೆ 600 ಕಾರು ಬಿಟ್ಟರೆ ಹೆಚ್ಚು. ಒಂದೇ ಬಾಯಿಯಾದರೆ 2,400ಕ್ಕೆ ನಾಲ್ಕು ಗಂಟೆ. ಮೂರಾದರೆ 80 ನಿಮಿಷ, ಅದೂ ಮೂರೂ ಬೇರೆ ಬೇರೆ ರಸ್ತೆಗೆ ಅಥವಾ ಬೇರೆ ದಿಕ್ಕಿಗೆ ತೆರೆದುಕೊಂಡರೆ. ಒಂದೇ ರಸ್ತೆಯ ಒಂದೇ ಬದಿಗೆ ಮೂರು ಬಾಯಿ ತೆರೆದರೆ ಮೊದಲಿನ ಬಾಯಿಯ ಕಾರುಗಳು ಉಳಿದೆರಡನ್ನು ಮುಚ್ಚುತ್ತವೆ. ಬಲಕ್ಕೂ ಎಡಕ್ಕೂ ತಿರುಗಲು ಬಿಡುವುದನ್ನು ಆ ಒಂದೂವರೆ ಗಂಟೆ ನಿಲ್ಲಿಸಿ, ಎಲ್ಲರನ್ನೂ ಎದುರು ಸಂಚಾರವನ್ನು ಅಡ್ಡ ಹಾಯದ ಒಂದೇ ಬದಿಗೆ ತಿರುಗಿಸಿ, ಮುಂದೆಲ್ಲೋ ಯು-ಟರ್ನ್ ಕೊಟ್ಟರೆ ಬಾಯಿಯ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಇದಕ್ಕೆ ಸಂಚಾರ ಪೊಲೀಸರ ಒಪ್ಪಿಗೆ ವಾರಗಳ ಮೊದಲೇ ಬೇಕು. ಸಾಮಾನ್ಯವಾಗಿ ಕಾರು ತುಂಬಿಸುವಾಗ ಇಪ್ಪತ್ತು ಸ್ವಯಂಸೇವಕರಿರುತ್ತಾರೆ, ಖಾಲಿ ಮಾಡುವಾಗ ನಾಲ್ವರು. ತಿರುಗುಮುರುಗಾಗಬೇಕು.

ಅಮೆರಿಕದ ನೆವಾಡ ಮರುಭೂಮಿಯ ಬರ್ನಿಂಗ್ ಮ್ಯಾನ್ ಕೂಟದಲ್ಲಿ ಹೊರಹೋಗುವ ವಾಹನಗಳನ್ನು ಕಂತುಕಂತಾಗಿ ಸರಿಸುತ್ತಾರೆ: ಗಂಟೆಗೊಮ್ಮೆ ಇಡೀ ಸಾಲು ಸುಮಾರು ಒಂದು ಮೈಲಿ ಮುಂದಕ್ಕೆ, ಆಮೇಲೆ ಎಲ್ಲರೂ ಎಂಜಿನ್ ಆರಿಸಿ ಕೂರುವುದು. ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ, ಆದರೆ ಇಂಚಿಂಚು ಸರಿಯುವುದು ತಪ್ಪಿ ಎಂಜಿನ್ ಕಾಯುವುದು, ಇಂಧನ ಮುಗಿಯುವುದು ತಪ್ಪುತ್ತದೆ. ಹೊರಹೋಗುವ ಬಾಯಿಯನ್ನು ಹೆಚ್ಚಿಸಲು ದಾರಿಯೇ ಇಲ್ಲದ ಕಡೆ ಇದು ಅನುಸರಿಸತಕ್ಕದ್ದು.

ರೈಲಿನದು ಬೇರೆ ಲೆಕ್ಕ. ಬ್ರಿಟನ್ನಿನ ಕ್ರೀಡಾಂಗಣಗಳಿಗೆ ಅಲ್ಲಿನ ಸುರಕ್ಷತಾ ಕೈಪಿಡಿ ಕೊಡುವ ಅಳತೆಯನ್ನೇ ನಾನೂ ಹಿಡಿಯುತ್ತೇನೆ: ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಸಮತಟ್ಟು ದಾರಿಯಲ್ಲಿ 82 ಜನ, ಮೆಟ್ಟಿಲಲ್ಲಿ 66. 15,000 ಜನ 15 ನಿಮಿಷದಲ್ಲಿ ಹೊರಬಂದರೆ ನಿಮಿಷಕ್ಕೆ ಸಾವಿರ, ಎಲ್ಲ ದಾರಿ ಸೇರಿ 12 ಮೀಟರಿಗೂ ಸ್ವಲ್ಪ ಹೆಚ್ಚು ಅಗಲ ಬೇಕು. ಅವರಲ್ಲಿ 7,500 ಜನ ನಿಲ್ದಾಣಕ್ಕೆ ಹೋಗುತ್ತಾರೆ. ಹತ್ತು ನಿಮಿಷಕ್ಕೊಂದು ರೈಲು, ರೈಲಿಗೆ ಸಾವಿರ ಜನ: ಗಂಟೆಗೆ 6,000. ಮೊದಲ 15 ನಿಮಿಷ ಕಳೆದಾಗ ಸುಮಾರು 6,000 ಜನ ನಿಲ್ದಾಣದ ಮುಂದೆ ನಿಂತಿರುತ್ತಾರೆ. ಚದರ ಮೀಟರಿಗೆ ಇಬ್ಬರಂತೆ 3,000 ಚದರ ಮೀಟರ್ ಜಾಗ ಬೇಕು. ಅಷ್ಟಿಲ್ಲದಿದ್ದರೆ ಒತ್ತಡ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗುತ್ತದೆ. ಪಾದಚಾರಿ ಸಂಚಾರವನ್ನು ಅಭ್ಯಸಿಸಿದ ಜಾನ್ ಫ್ರೂಯಿನ್ ತೋರಿಸಿದಂತೆ ಚದರ ಮೀಟರಿಗೆ ಏಳು ಜನ ಮುಟ್ಟಿದಾಗ ಗುಂಪು ದ್ರವದಂತೆ ಹರಿಯತೊಡಗುತ್ತದೆ, ಒಬ್ಬೊಬ್ಬರ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ಹಾಗಾಗಿ ಸಾಲು ನಿಲ್ದಾಣದ ಹೊರಗೇ ನಿಲ್ಲಬೇಕು, ಒಳಕ್ಕೆ ಒಂದು ರೈಲಿನಷ್ಟೇ ಜನರನ್ನು ಬಿಡಬೇಕು.

ಇನ್ನೂ ಒಳ್ಳೆಯ ಉಪಾಯ ಜನರನ್ನು ಒಳಗೇ ಸ್ವಲ್ಪ ಹೊತ್ತು ಉಳಿಸಿಕೊಳ್ಳುವುದು. ಮುಖ್ಯ ಕಾರ್ಯಕ್ರಮ ಮುಗಿದ ಮೇಲೂ ದೀಪ, ಸಂಗೀತ, ತಿಂಡಿ ಅಂಗಡಿಗಳು ಮುಕ್ಕಾಲು ಗಂಟೆ ನಡೆಯಲಿ. ಐದರಲ್ಲೊಬ್ಬರು ಉಳಿದರೂ 3,000 ಜನ ಸಾಲಿನಿಂದ ತಪ್ಪಿದರು. ಇದನ್ನು ವೇದಿಕೆಯವರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ದಿನಪೂರ್ತಿ ದುಡಿದ ಧ್ವನಿವರ್ಧಕದವರು ಕೊನೆಯ ಹಾಡು ಮುಗಿದ ಮರುಗಳಿಗೆಯೇ ತಂತಿ ಸುತ್ತಲು ಶುರುಮಾಡುತ್ತಾರೆ. ಟಿಕೆಟ್ಟಿನಲ್ಲೇ ರೈಲು, ಬಸ್ಸಿನ ಪ್ರಯಾಣವನ್ನು ಸೇರಿಸುವುದೂ ಕಾರುಗಳನ್ನು ಕಡಿಮೆ ಮಾಡುತ್ತದೆ. 2006ರ ಜರ್ಮನಿಯ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪಂದ್ಯದ ಟಿಕೆಟ್ಟೇ ಸ್ಥಳೀಯ ಸಾರಿಗೆಗೂ ನಡೆಯುತ್ತಿತ್ತು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಟಿಕೆಟ್ಟಿನ ಜೊತೆ ದಿನದ ಪಾಸು ಕೊಟ್ಟಿದ್ದರು. ಟಿಕೆಟ್ ಕೌಂಟರಿನ ಸಾಲು ಇಲ್ಲವಾಗುವುದು ಇದರ ಇನ್ನೊಂದು ಲಾಭ.

ಒಳಬರುವ ದಾರಿ, ಹೊರಹೋಗುವ ದಾರಿ ಒಂದೇ ಆಗಕೂಡದು. 2010ರ ಜುಲೈನಲ್ಲಿ ಜರ್ಮನಿಯ ಡುಯಿಸ್‌ಬರ್ಗ್‌ನ ಸಂಗೀತ ಉತ್ಸವವಾದ ಲವ್ ಪರೇಡ್‌ನಲ್ಲಿ ಸುರಂಗದ ಮೂಲಕ ಹಾದು ಒಂದೇ ಇಳಿಜಾರಿನಲ್ಲಿ ಬರುವವರೂ ಹೋಗುವವರೂ ಎದುರುಬದುರಾಗಿ 21 ಜನ ಸತ್ತರು. ನಕ್ಷೆಯಲ್ಲಿ ಎರಡು ಬಣ್ಣದ ಗೆರೆ ಒಂದನ್ನೊಂದು ದಾಟುವ ಜಾಗವಿದ್ದರೆ ಆ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.

ಆ್ಯಪ್ ಟ್ಯಾಕ್ಸಿಗಳು ಈಗ ದೊಡ್ಡ ತಲೆನೋವು. ಬಿಟ್ಟರೆ ಚಾಲಕ ಗೇಟಿನ ಮುಂದೆಯೇ ನಿಂತು ‘ಎಲ್ಲಿದ್ದೀರಿ’ ಎಂದು ಐದು ನಿಮಿಷ ಫೋನಿನಲ್ಲಿ ಹುಡುಕುತ್ತಾನೆ. ಹಾಗೆ ಹತ್ತು ಜನ ಸೇರಿದರೆ ಬಸ್ಸಿನ ದಾರಿ ಮುಚ್ಚಿತು. ಗೇಟಿನಿಂದ 300–400 ಮೀಟರ್ ದೂರದಲ್ಲಿ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬಹುದಾದ ರಸ್ತೆಯಲ್ಲಿ ಜಾಗ ಗುರುತಿಸಿ, ಕಂಬಗಳಿಗೆ 1ರಿಂದ 20 ಸಂಖ್ಯೆ ಹಾಕಿ, ಟ್ಯಾಕ್ಸಿ ಕಂಪನಿಗೆ ಹೇಳಿ ಆ್ಯಪಿನಲ್ಲೇ ಅದನ್ನು ಹತ್ತುವ ಜಾಗವಾಗಿ ಹಾಕಿಸಬೇಕು. ಸಾವಿರಾರು ಜನ ಒಮ್ಮೆಗೇ ಫೋನ್ ತೆಗೆದಾಗ ನೆಟ್‌ವರ್ಕ್ ಸಿಗದು, ಆದ್ದರಿಂದ ಆ ಜಾಗದ ಹೆಸರು ಟಿಕೆಟ್ಟಿನ ಹಿಂದೆ ಅಚ್ಚಾಗಿರಲಿ, ದಾರಿಯ ಫಲಕದಲ್ಲೂ ಇರಲಿ.

ಫಲಕದ ಅಕ್ಷರ ಸಣ್ಣದಾದರೆ ಹಾಕಿಯೂ ಪ್ರಯೋಜನವಿಲ್ಲ. 15 ಸೆಂಟಿಮೀಟರ್ ಅಕ್ಷರ 55 ಮೀಟರಿನಿಂದ ಓದಲು ಬರುತ್ತದೆ, 50 ಕಿ.ಮೀ. ವೇಗದ ಚಾಲಕನಿಗೆ ಸಿಗುವುದು ನಾಲ್ಕು ಸೆಕೆಂಡು. ಮೂರು ಪದ, ಒಂದು ಬಾಣ. ಪ್ರಾಯೋಜಕರ ಲಾಂಛನ ಬೇರೆ ಕಡೆ.

ಗಾಲಿಕುರ್ಚಿಯವರಿಗೆ ಇಳಿಯುವ ಜಾಗ ಪ್ರವೇಶದಿಂದ 50 ಮೀಟರಿನೊಳಗೆ ಇರಬೇಕು, ಇಳಿಜಾರು 1:12ಕ್ಕಿಂತ (12 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಕಡಿದಾಗಿರಬಾರದು. ಲಿಫ್ಟ್ ಇರುವ ವಾಹನದಲ್ಲಿ ಒಂದು ಕುರ್ಚಿ ಏರಿಸಿ ಪಟ್ಟಿ ಬಿಗಿಯಲು 4–6 ನಿಮಿಷ, ಲಿಫ್ಟ್ ತೆರೆದುಕೊಳ್ಳಲು ಪಕ್ಕದಲ್ಲಿ ಕನಿಷ್ಠ 3 ಮೀಟರ್ ಬಯಲು. ಇದಕ್ಕೆ ಬೇರೆ ವಾಹನ, ಬೇರೆ ಅಂಚು, ಬೇರೆ ವೇಳೆ ಇಟ್ಟರೆ ಅವರಿಗೂ ಅವಸರವಿಲ್ಲ, ಉಳಿದ ಸಾಲಿಗೂ ತಡೆಯಿಲ್ಲ. ಎಷ್ಟೋ ಕಡೆ ಈ ಅಂಚನ್ನು ಗಣ್ಯರ ಕಾರುಗಳು ಬಂದು ಹಿಡಿದುಬಿಡುತ್ತವೆ. ಗಣ್ಯರಿಗೆ ಕಟ್ಟಡದ ಇನ್ನೊಂದು ಬದಿ ತೋರಿಸಿ. ತಮಗಾಗಿ ಪ್ರತ್ಯೇಕ ದ್ವಾರ ಎಂದರೆ ಯಾರೂ ತಕರಾರು ಮಾಡುವುದಿಲ್ಲ.

ಮಳೆಯ ಯೋಜನೆ ಇರಬೇಕಾದ್ದು ನೆಲಕ್ಕೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಟುಮಾರೋವರ್ಲ್ಡ್ ಸಂಗೀತ ಉತ್ಸವದ ದಾರಿಗಳು ಮಳೆಗೆ ಕೆಸರಾಗಿ, ಕರೆದೊಯ್ಯುವ ವಾಹನಗಳು ಸಿಗದೆ, ಜನ ರಾತ್ರಿಯಿಡೀ ರಸ್ತೆಬದಿಯಲ್ಲಿ ಉಳಿಯಬೇಕಾಯಿತು. ಹುಲ್ಲುಗಾವಲಿನಲ್ಲಿ ಕಾರು ಹೂತುಹೋಗುವುದು ಚಕ್ರಗಳು ಮತ್ತೆ ಮತ್ತೆ ಹಾಯುವ ಗೇಟಿನ ಬಾಯಲ್ಲಿ ಮತ್ತು ತಿರುವಿನಲ್ಲಿ, ನಿಂತ ಜಾಗದಲ್ಲಿ ಕಡಿಮೆ. ಹಾಗಾಗಿ ಜಲ್ಲಿಯನ್ನೋ ಕಬ್ಬಿಣದ ಹಾಸನ್ನೋ ಮೊದಲ 30–40 ಮೀಟರಿಗೆ ಹಾಕಿದರೆ ಬಹುಪಾಲು ಕೆಲಸವಾಯಿತು. ಎಳೆಯಲು ಒಂದು ಟ್ರಾಕ್ಟರ್, ಹಗ್ಗ, ಮತ್ತು ಅದನ್ನು ಓಡಿಸುವವರು ರಾತ್ರಿ ಕೊನೆಯ ಕಾರು ಹೋಗುವವರೆಗೂ ಅಲ್ಲೇ ಇರಬೇಕು. ಇಳಿಜಾರಿನ ಹೊಲವಾದರೆ ತಗ್ಗಿನ ಭಾಗವನ್ನು ಕೊನೆಗೆ ತುಂಬಿಸಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳ ದಾರಿಗೆ ಈ ಯಾವ ನೆಲವನ್ನೂ ನಂಬಬಾರದು, ಅದು ಗಟ್ಟಿ ರಸ್ತೆಯಲ್ಲೇ, 4 ಮೀಟರ್ ಅಗಲಕ್ಕೆ, ಒಂದೂ ಬ್ಯಾರಿಕೇಡು ಅಡ್ಡವಿಲ್ಲದೆ ಇರಬೇಕು.

ಮುಗಿದ ಮೇಲೆ ಟ್ರಿಪ್ ಶೀಟುಗಳನ್ನು ಕಸಕ್ಕೆ ಹಾಕಬೇಡಿ. ಅಂದು ನಿಜಕ್ಕೂ ಹಿಡಿದ ಸುತ್ತಿನ ಹೊತ್ತು, ಬಸ್ಸಿಗೆ ಹತ್ತಿದ ಸರಾಸರಿ ತಲೆ, ‘ಬೇಕು’ ಎಂದವರಲ್ಲಿ ಬಂದವರ ಪಾಲು, ಗೂಡುಗಳು ಖಾಲಿಯಾದ ಹೊತ್ತು: ಈ ನಾಲ್ಕನ್ನು ಶೀಟಿನಿಂದ ತೆಗೆದು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಕಾರ್ಯಕ್ರಮದಲ್ಲಿ 40 ಎಂದು ಹಿಡಿಯಬೇಕೋ 36 ಎಂದೋ ನಿಮಗೇ ತಿಳಿಯುತ್ತದೆ. ಶೀಟನ್ನು ಚಾಲಕರ ಬಾಡಿಗೆ ಬಿಲ್ಲಿನೊಡನೆ ತಾಳೆ ನೋಡುವುದೂ ಅಂದೇ ಆಗಲಿ, ವಾರ ಕಳೆದರೆ ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಟ್ಟಿತೆಂದು ಇಬ್ಬರಿಗೂ ನೆನಪಿರುವುದಿಲ್ಲ.